ಚುಕ್ಕಿಯ ಆಚೆಗಿನ ಅಂಕಿ

ನೂಲನ್ನು ಯಾರೂ ಕದ್ದಿರಲಿಲ್ಲ. ಕೊಡುವ ಗುಮಾಸ್ತ ತೂಕದಲ್ಲಿ ಚುಕ್ಕಿಯ ಆಚೆ ಒಂದೇ ಅಂಕಿ ಬರೆಯುತ್ತಿದ್ದ, ತೆಗೆದುಕೊಳ್ಳುವವನು ಎರಡು ಬರೆಯುತ್ತಿದ್ದ. ಆದದ್ದು ಇಷ್ಟೇ. ಇದು ತಿಳಿಯಲು ನನಗೆ ಹದಿನೈದು ದಿನ ಹಿಡಿಯಿತು. ಅಷ್ಟರಲ್ಲಿ ಪಕ್ಕದವಳ ಬುತ್ತಿಗಂಟನ್ನು ಎರಡು ಸಲ ಕದ್ದು ಬಿಚ್ಚಿ ನೋಡಿದ್ದೆ.

ಇಚಲಕರಂಜಿಯಲ್ಲಿ ಆಗಷ್ಟೇ ಸೇರು ಹೋಗಿ ಕಿಲೋ ಬಂದಿತ್ತು. ನಾನು ಒಂದು ಮಗ್ಗದ ಶೆಡ್ಡಿನಲ್ಲಿ ಲಾಳಿಗೆ ಹಾಕುವ ಕಂಡಿಕೆ ಸುತ್ತುತ್ತಿದ್ದೆ. ಬೆಳಿಗ್ಗೆ ನೂಲು ತೂಗಿ ಕೊಟ್ಟು ಒಂದು ಚೀಟಿ. ಸಂಜೆ ಸುತ್ತಿದ್ದನ್ನೂ ಉಳಿದ ತುಂಡುಗಳನ್ನೂ ತೂಗಿ ಇನ್ನೊಂದು ಚೀಟಿ. ನಾನು ಓದಿದ್ದು ಮೂರನೇ ಇಯತ್ತೆ. ಅಂಕಿ ಬರುತ್ತಿತ್ತು, ಚುಕ್ಕಿ ಮಾತ್ರ ಹೊಸದು.

ಒಂದು ಸಂಜೆ ಶೆಡ್ಡಿನ ಮೇಲ್ವಿಚಾರಕ, ಮುಕಾದಮ, ನನ್ನನ್ನು ಎಲ್ಲರೆದುರು ನಿಲ್ಲಿಸಿದ.

"ಏನ ಬಾಯಿ, ಎರಡು ಪಾಯಿಂಟ್ ಐದು ಒಯ್ದಿ, ಎರಡು ಪಾಯಿಂಟ್ ನಾಕು ಆರು ತಂದಿ. ಉಳದದ್ದು ಸೀರಿ ಒಳಗ ಐತೇನ?"

"ಝಡತಿ ಮಾಡಸ್ರಿ, ಸೀರಿ ಝಾಡಿಸಿ ನೋಡ್ರಿ. ಮಂಗಳವಾರ ಒಯ್ದದ್ದಕ್ಕಿಂತ ಹೆಚ್ಚ ತಂದೇನಿ. ಮನಿಯಿಂದ ತಂದ ಸೇರಿಸೇನೇನ?"

"ಅಂಜಿಕಿ ಬಂದ ದಿನಾ ಹೊಳ್ಳಿ ತಂದ ಇಡ್ತಿ. ಇನ್ನೊಮ್ಮಿ ಕಮ್ಮಿ ಬಂತಂದ್ರ ಗೇಟಿನ ಒಳಗ ಬರಬ್ಯಾಡ."

ಗೇಟು ಒಮ್ಮೆ ಮುಚ್ಚಿದರೆ ಬೇರೆ ಶೆಡ್ಡಿನವರೂ ಕರೆಯುವುದಿಲ್ಲ. ಕಳ್ಳಿ ಎಂಬ ಹೆಸರು ನನಗಿಂತ ಮೊದಲೇ ಅಲ್ಲಿ ಹೋಗಿ ಕೂತಿರುತ್ತದೆ.

ಪಕ್ಕದ ರಾಟೆಯವಳು ಗಡಹಿಂಗ್ಲಜ ಕಡೆಯವಳು. ನಾನು ನೀರಿಗೆ ಎದ್ದಾಗ ನನ್ನ ನೂಲನ್ನು ಅವಳೇ ಎತ್ತುತ್ತಾಳೆ ಎಂದು ನನ್ನ ಲೆಕ್ಕ. ಮರುದಿನ ಊಟದ ಹೊತ್ತಿಗೆ ಮೂರನೇ ಸಲ ಗಂಟು ಬಿಚ್ಚುವಾಗ ಸಿಕ್ಕಿಬಿದ್ದೆ.

"ಏನ ಹುಡಕತೀಯವ್ವಾ ಅದರಾಗ?"

"ನೂಲು."

"ಸಿಕ್ಕರ ನನಗೂ ಹೇಳು. ನನಗೂ ಕಳ್ಳಿ ಅಂದಾರ."

ಅವಳು ತನ್ನ ಚೀಟಿಗಳನ್ನು ಸೊಂಟದಿಂದ ತೆಗೆದು ನೆಲಕ್ಕೆ ಒಗೆದಳು. ನನ್ನವನ್ನೂ ಹರಡಿದೆ. ಇಬ್ಬರ ಬೆಳಗಿನ ಚೀಟಿಯಲ್ಲೂ ಚುಕ್ಕಿಯ ಆಚೆ ಒಂದೇ ಅಂಕಿ, ಸಂಜೆಯದರಲ್ಲಿ ಎರಡು. ಒಂದು ದಿನವೂ ತಪ್ಪಿರಲಿಲ್ಲ.

ಅಂದು ಸಂಜೆ ನನ್ನ ತೂಕ ಹೆಚ್ಚೇ ಬಂತು. ಅಂಜಿ ತಂದಿಟ್ಟಿದ್ದಾಳೆ ಎಂಬಂತೆ ಮುಕಾದಮ ನಕ್ಕ. ನಾನು ಸೀದಾ ಕೊಡುವ ಗುಮಾಸ್ತನ ಹತ್ತಿರ ಹೋಗಿ ಎರಡನೇ ಅಂಕಿ ಎಲ್ಲಿ ಎಂದು ಕೇಳಿದೆ. ಅವನು ಪುಸ್ತಕ ತಿರುಗಿಸಿ ತೋರಿಸಿದ.

"ನೋಡು, ಚುಕ್ಕಿ ಆಚೆ ಒಂದ ಮನಿ ಅಚ್ಚ ಹಾಕ್ಯಾರ. ಇನ್ನೊಂದನ್ನ ನಿನ್ನ ಹಣಿ ಮ್ಯಾಲ ಬರೀಲೇನ?"

"ಮತ್ತ ಅದನ್ನ ಏನ ಮಾಡ್ತೀರಿ?"

"ಐದು ಇಲ್ಲಾ ಮ್ಯಾಲಿಂದಿದ್ರ ಮೊದಲಿನ ಅಂಕಿಗೆ ಒಂದ ಏರಸ್ತೇನಿ. ಕೆಳಗಿದ್ರ ಬಿಡ್ತೇನಿ. ಎಲ್ಲಾರೂ ಹಂಗ ಮಾಡ್ತಾರ."

ಎಲ್ಲರೂ ಮಾಡುತ್ತಾರೆ ಎಂದವನ ಮಾತನ್ನು ನಾನು ಯಾವತ್ತೂ ನಂಬಿಲ್ಲ. ಮರುದಿನ ಬೆಳಿಗ್ಗೆ ಅವನು 2.5 ಎಂದು ಬರೆದು ಕೊಟ್ಟ ನೂಲಿನ ಗಂಟನ್ನು ರಾಟೆಗೆ ಒಯ್ಯಲಿಲ್ಲ. ಬಿಚ್ಚದೆ ಹಾಗೆಯೇ ಅಂಗಳ ದಾಟಿ, ಸಂಜೆಯ ತಕ್ಕಡಿಯ ಮೇಲೆ ಇಟ್ಟು, ಮುಕಾದಮನನ್ನು ಕರೆದು ಅವನೆದುರೇ ತೂಗಿಸಿದೆ. 2.47 ಬಂತು. ಬೆಳಗಿನ ಚೀಟಿಯ ಮೇಲೆಯೇ ಅದನ್ನು ಬರೆಸಿ ಅವನ ಸಹಿ ಹಾಕಿಸಿಕೊಂಡೆ. ಆಮೇಲೆ ಪಕ್ಕದವಳ ನೂಲಿನ ಗಂಟನ್ನೂ ತೂಗಿಸಿದೆ, ಸಂಜೆಗೆ ಅದು ಏರಿದರೆ ಗೊತ್ತಾಗಲಿ ಎಂದು. ಅವಳ ಮೇಲಿನ ಗುಮಾನಿ ಇನ್ನೂ ಪೂರ್ತಿ ಹೋಗಿರಲಿಲ್ಲ.