ಪಿತೂರಿಯ ಇಂಗ್ಲಿಷ್ ಬಿಡಿಸುವ ಗುಲಫಶಾ

ಬೆಳಿಗ್ಗೆ ಆರು ಗಂಟೆ. ಹಗರಿಬೊಮ್ಮನಹಳ್ಳಿಯ ತಾಲ್ಲೂಕು ಕಚೇರಿ ಹತ್ತಿರದ ಟೈಪಿಂಗ್ ಅಂಗಡಿಯ ಶಟರ್ ಅರ್ಧ ಎತ್ತಿದೆ. ಗುಲಫಶಾ ಇನ್ನೂ ಕಂಪ್ಯೂಟರ್ ಹಚ್ಚಿಲ್ಲ. ಹಿಂದಿನ ಸಂಜೆ ರೈತರೊಬ್ಬರು ಬಿಟ್ಟುಹೋದ ವಕೀಲರ ನೋಟಿಸನ್ನು ಪೆನ್ಸಿಲ್ ಹಿಡಿದು ಓದುತ್ತಿದ್ದಾರೆ. ‘ಕೊಲ್ಯೂಡ್’ ಎಂಬ ಪದಕ್ಕೆ ಗೆರೆ ಎಳೆದು ಅಂಚಿನಲ್ಲಿ ಬರೆಯುತ್ತಾರೆ: ಒಳಗೊಳಗೇ ಸೇರಿ ಮೋಸ ಮಾಡುವುದು.

ನಲವತ್ತಾರರ ಈ ಹೆಣ್ಣುಮಗಳು ಹಳ್ಳಿಯವರ ಇಂಗ್ಲಿಷ್ ಕಾಗದಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ದಿನಕ್ಕೆ ಇಪ್ಪತ್ತರ ಮೇಲೆಯೇ. ಕಾಗದ ಚಿಕ್ಕದಿರಲಿ ದೊಡ್ಡದಿರಲಿ, ತಂದವರು ಸಹಿ ಹಾಕುವ ಮುಂಚೆ ಪೂರ್ತಿ ಓದಿಯೇ ತೀರುತ್ತಾರೆ.

ತಂದೆ ಕಮಾಲಸಾಬರದು ರದ್ದಿ ವ್ಯಾಪಾರ. ಮಗಳು ಪಿಯುಸಿ ಇಂಗ್ಲಿಷ್‌ನಲ್ಲಿ ಫೇಲಾದ ವರ್ಷ ರದ್ದಿ ರಾಶಿಯಲ್ಲಿ ರಟ್ಟು ಕಿತ್ತ ನಿಘಂಟೊಂದು ಸಿಕ್ಕಿತು. ಅವರು ಅದನ್ನು ತಕ್ಕಡಿಗೆ ಹಾಕದೆ ಮನೆಗೆ ತಂದರು. ಪದದ ಪಕ್ಕ ಅದರ ಹುಟ್ಟೂ ಇರುತ್ತದೆಂದು ತೋರಿಸಿಕೊಟ್ಟವರು ಕೊಟ್ಟೂರಿನ ಸೋಮಶೇಖರ್ ಮೇಷ್ಟ್ರು. ಸಂಚು, ಪಿತೂರಿಯ ಎಷ್ಟೋ ಇಂಗ್ಲಿಷ್ ಪದಗಳ ಬೇರು ಲ್ಯಾಟಿನ್‌ನಲ್ಲಿದೆ. ‘ಕನ್‌ಸ್ಪೈರ್’ ಅಂದರೆ ಮೂಲದಲ್ಲಿ ಕೂಡಿ ಉಸಿರಾಡುವುದು, ‘ಕೊಲ್ಯೂಡ್’ ಕೂಡಿ ಆಡುವುದು, ‘ಕನೈವ್’ ಕಣ್ಣು ಮುಚ್ಚುವುದು.

“ಬಾಯಿಪಾಠ ಮಾಡಿದ್ದು ನಿಲ್ತಿದ್ದಿಲ್ರಿ. ಹುಟ್ಟು ಗೊತ್ತಾದ ಮ್ಯಾಲ ಒಂದೂ ಮರ್ತಿಲ್ಲ. ಅಬ್ಬಾನ, ಮೇಷ್ಟ್ರನ ದಿನಾ ನೆನಸ್ತೀನಿ” ಎನ್ನುತ್ತಾರೆ.

ಹೋದ ವರ್ಷ ಕೋಗಳಿಯ ಎರ್ರಮ್ಮ ಬಂದರು. ಖಾಸಗಿ ಹಾಸ್ಟೆಲೊಂದರಲ್ಲಿ ಅಡುಗೆಯವರು. ಉಗ್ರಾಣದ ಅಕ್ಕಿ ಕಾಣೆಯಾಗಿತ್ತು. ಅದನ್ನು ಮೊದಲು ಹೇಳಿದ್ದೇ ಎರ್ರಮ್ಮ. ನೀನು ಹೇಳಿದ್ದನ್ನೇ ಬರೆದಿದ್ದೇವೆ, ಸಹಿ ಮಾಡು ಎಂದು ವ್ಯವಸ್ಥಾಪಕ ಇಂಗ್ಲಿಷ್ ಕಾಗದ ಕೊಟ್ಟಿದ್ದ. ಅವರು ಜೆರಾಕ್ಸ್ ಮಾಡಿಸಲಷ್ಟೇ ಬಂದಿದ್ದರು. ಮಧ್ಯದ ಸಾಲಿನಲ್ಲಿ ‘ಕನೈವ್ಡ್’ ಕಂಡು ಗುಲಫಶಾ ಯಂತ್ರ ನಿಲ್ಲಿಸಿದರು.

“ಅಕ್ಕಿ ಒಯ್ಯೋದು ಕಂಡೂ ನೀವು ಕಣ್ಣು ಮುಚ್ಕೊಂಡ್ರಿ ಅಂತ ಬರ್ದಾರ, ಅಕ್ಕಾ.”

ಎರ್ರಮ್ಮ ಆ ಸಾಲಿನ ಮೇಲೆ ಬೆರಳಿಟ್ಟರು. “ಕಣ್ಣು ಮುಚ್ಚಿದ್ರ ನಾ ಯಾಕ ಹೇಳ್ತಿದ್ದೆವ್ವಾ?”

ಆ ಹಾಸ್ಟೆಲಿನ ಟೈಪಿಂಗ್ ಕೆಲಸವೆಲ್ಲ ಬರುತ್ತಿದ್ದುದು ಇದೇ ಅಂಗಡಿಗೆ. ಇನ್ನು ಬರುವುದಿಲ್ಲವೆಂದು ಗುಲಫಶಾಗೆ ಗೊತ್ತಿತ್ತು. ಆದರೂ ಎರ್ರಮ್ಮ ಹೇಳಿದ್ದನ್ನು ಕನ್ನಡದಲ್ಲಿ ಟೈಪ್ ಮಾಡಿ, ಎರಡು ಸಲ ಓದಿ ಹೇಳಿ, ಅದಕ್ಕೆ ಸಹಿ ಮಾಡಿಸಿದರು. “ಸುಮ್ನಿದ್ದಿದ್ರ ಆ ಪದ ನನಗೂ ಹತ್ತತಿತ್ರಿ” ಎನ್ನುತ್ತಾರೆ ಗುಲಫಶಾ.

ಎರ್ರಮ್ಮ ಆ ಹೇಳಿಕೆಯನ್ನು ನೇರ ಹಾಸ್ಟೆಲಿನ ಆಡಳಿತ ಮಂಡಳಿಗೇ ಕೊಟ್ಟರು; ಮಂಡಳಿ ಅದನ್ನು ಓದಿ ವಿಚಾರಣೆ ನಡೆಸಿತು. ಅಕ್ಕಿ ಹೋಗಿದ್ದು ವ್ಯವಸ್ಥಾಪಕನ ಕೈಯಿಂದಲೇ ಎಂದು ಬಯಲಾಯಿತು. ಅವನನ್ನು ತೆಗೆದರು. ಅದಾಗುವವರೆಗೆ ಐದು ತಿಂಗಳು ಅಲ್ಲಿಂದ ಒಂದು ಹಾಳೆಯೂ ಈ ಅಂಗಡಿಗೆ ಬರಲಿಲ್ಲ.

ಎರ್ರಮ್ಮ ಇಂದಿಗೂ ಅದೇ ಅಡುಗೆಮನೆಯಲ್ಲಿದ್ದಾರೆ. “ನನ್ನ ಹೆಸರು ಉಳಿಸಿದಾಕಿ ಈಕಿ. ನಾ ಸಾಯೋ ತನಕ ಮರಿಯಂಗಿಲ್ಲ” ಎನ್ನುತ್ತಾರೆ. ಈಗ ಊರಲ್ಲಿ ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ ಕೈಹಿಡಿದು ಇಲ್ಲಿಗೆ ಕರೆತರುತ್ತಾರೆ.

ನಿಮ್ಮ ಆಸೆಯೇನು ಎಂದು ಗುಲಫಶಾರನ್ನು ಕೇಳಿದೆ. ಹೇಳಿದರು: “ಮಂದಿಗೆ ಕೊಡೋ ಕಾಗದ ಕನ್ನಡದಾಗ ಕೊಟ್ರ ಸಾಕ್ರಿ. ಆಗ ನಾ ಬರೇ ಮದುವಿ ಕಾರ್ಡ್ ಟೈಪ್ ಮಾಡ್ಕೋಂತ ಆರಾಮಿರ್ತೀನಿ.”