ಸರೋಜಮ್ಮ ಮೇಡಂ ಎಳೆಸಿದ ಎಳೆ

ಸರೋಜಮ್ಮ ಮೇಡಂ ನಾಲಿಗೆಯ ತುದಿಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತಿತ್ತು: "ಹೇಳಕ್ಕಾಗಲ್ಲ." ಮೋಡ ಕವಿದಿದೆ, ಮಳೆ ಬರುತ್ತಾ ಮೇಡಂ ಎಂದರೆ ಹೇಳಕ್ಕಾಗಲ್ಲ. ನಾನು ಪಾಸಾಗ್ತೀನಾ ಎಂದರೂ ಅದೇ. ಎಪ್ಪತ್ತರ ದಶಕದಲ್ಲಿ ಹೊಸದುರ್ಗದ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಕಲಿಸುತ್ತಿದ್ದ ಅವರಿಗೆ, ತಿಳಿಯದ್ದಕ್ಕೆ ಹೂಂ ಅನ್ನುವುದು ಪಾಪ. ಮುಖಸ್ತುತಿಗೂ ಅವರಿಗೂ ಎಣ್ಣೆ ಸೀಗೇಕಾಯಿ. ಎರಡು ಸಿಹಿಮಾತಿಗೂ ಇಷ್ಟು ಜಿಪುಣತನವೇ ಎಂದು ನನಗೆ ಎಷ್ಟೋ ಸಲ ಸಿಟ್ಟು ಬಂದಿದೆ.

ಒಮ್ಮೆ ಪ್ರಯೋಗಕ್ಕೆಂದು, ಬೀಜಕ್ಕೆ ಬಿಟ್ಟ ಈರುಳ್ಳಿ ಹೊಲದಿಂದ ಹೂ ತರಲು ಹೇಳಿದರು. ನಾವು ಹೊಲದ ಮಕ್ಕಳು; ಆರಿಸಿ ಆರಿಸಿ ಚೆನ್ನಾಗಿ ಅರಳಿದ್ದನ್ನೇ ತಂದೆವು.

"ಏನ್ರೇ, ದೇವರಿಗೆ ಮುಡಿಸಾಕೆ ತಂದ್ರಾ? ಅರಳಿದ್ರಾಗೆ ಕೋಶ ಒಡೆಯೋ ಕೆಲ್ಸ ಮುಗಿದೋಗಿರ್ತೈತೆ. ಸಣ್ಣ ಮೊಗ್ಗು ತರ್ರಿ, ಹೋಗ್ರಿ."

ಮೊಗ್ಗಿನ ಕೇಸರವನ್ನು ಬಣ್ಣದಲ್ಲಿ ನೆನೆಸಿ, ಗಾಜಿನ ಮೇಲೆ ಒತ್ತಿ, ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಕೋಶದೊಳಗೆ ದಾರದ ತುಣುಕುಗಳಂಥ ವರ್ಣತಂತುಗಳು ಜೋಡಿ ಬಿಟ್ಟು ಆಚೆಗೊಂದು ಈಚೆಗೊಂದು ಸರಿದು ನಿಂತಿದ್ದವು. "ಮೈಯಾಗಿನ ಕೋಶ ಒಡೆದ್ರೆ ವರ್ಣತಂತು ಮೊದಲಿನಷ್ಟೇ ಇರ್ತಾವೆ. ಸಂತಾನದ ಕೋಶ ಆಗೋವಾಗ ಮಾತ್ರ ಅರ್ಧ ಆಗ್ತಾವೆ. ತಾಯಿದು ಅರ್ಧ, ತಂದೆದು ಅರ್ಧ ಕೂಡಿದ್ರೆ ಮತ್ತೆ ಪೂರ್ತಿ. ಮನುಷ್ಯರಾಗೆ ಗಂಡೋ ಹೆಣ್ಣೋ ಅನ್ನೋದು ತಂದೆ ಕೊಡೋ ಅರ್ಧದಾಗೆ ಐತೆ," ಎಂದರು. ನನಗೆ ಅಳು ತಡೆಯಲಾಗಲಿಲ್ಲ.

ಪಾಠ ಮುಗಿದ ಮೇಲೆ ಕರೆದು ಕೇಳಿದಾಗ ಎಲ್ಲಾ ಹೇಳಿಬಿಟ್ಟೆ. ನಾನಿದ್ದದ್ದು ಬಾಗೂರಿನ ಅಕ್ಕನ ಮನೆಯಲ್ಲಿ. ಕುರಿ ಸಾಕುವ ಮನೆ. ಅಕ್ಕನಿಗೆ ಮೂರೂ ಹೆಣ್ಣು, ಈಗ ಮತ್ತೆ ಬಸುರಿ. ಇದೂ ಹೆಣ್ಣಾದರೆ ಭಾವನಿಗೆ ಎರಡನೇ ಮದುವೆ ಎಂದು ಅವಳ ಅತ್ತೆ ಭರಮಸಾಗರದಲ್ಲಿ ಹುಡುಗಿಯನ್ನು ನೋಡಿಟ್ಟಿದ್ದರು. ಅಕ್ಕ ತಟ್ಟೆಯ ಮುದ್ದೆಯನ್ನು ಹಾಗೇ ಬಿಟ್ಟು ಏಳುತ್ತಿದ್ದಳು.

ಆ ಭಾನುವಾರ ಮೇಡಂ ತಾವಾಗಿಯೇ ಮನೆಗೆ ಬಂದರು. ಅತ್ತೆ ಜಗುಲಿಯ ಮೇಲೆ ಉಣ್ಣೆ ನೂಲುತ್ತಿದ್ದರು. ಮೇಡಂ ಅವರಿಂದಲೇ ಮೂರು ಬಿಳಿ ಎಳೆ, ಒಂದು ಕರಿ ಎಳೆ ಈಸಿಕೊಂಡರು. ಎರಡು ಬಿಳಿ ಎಳೆಗಳನ್ನು ಅಕ್ಕನ ಮುಷ್ಟಿಯಲ್ಲಿಟ್ಟರು. ಒಂದು ಬಿಳಿ, ಒಂದು ಕರಿ ಭಾವನ ಮುಷ್ಟಿಯಲ್ಲಿ.

"ಒಬ್ಬೊಬ್ಬರ ಕೈಯಿಂದ ಒಂದೊಂದೇ ಎಳೆ ಎಳೀರವ್ವಾ, ಕಣ್ಣು ಮುಚ್ಕಂಡು. ಎರಡೂ ಬಿಳೀದು ಬಂದ್ರೆ ಹೆಣ್ಣು. ಒಂದು ಕರೀದು ಬಂದ್ರೆ ಗಂಡು."

ಅತ್ತೆ ಅಕ್ಕನ ಕೈಯಿಂದ ಎಳೆದರು, ಬಿಳಿ. ಮಗನ ಕೈಯಿಂದ ಎಳೆದರು, ಬಿಳಿ. ಮತ್ತೆ ಇಡಿಸಿ ಎಳೆದರು. ಮತ್ತೆ ಎರಡೂ ಬಿಳಿ. ಮುಂದಿನ ಸಲ ಅಕ್ಕನ ಕಡೆ ತಿರುಗಲೇ ಇಲ್ಲ, ಮಗನ ಮುಷ್ಟಿಯನ್ನೇ ನೋಡುತ್ತಾ ಕೂತುಬಿಟ್ಟರು.

"ಇವಳ ಕೈಯಾಗೆ ಕರೀದು ಇಲ್ಲವೇ ಇಲ್ಲ. ಇಲ್ಲದ್ದನ್ನ ಎಲ್ಲಿಂದ ಕೊಡ್ತಾಳೆ?" ಎಂದರು ಮೇಡಂ.

ಭಾವ ಮುಷ್ಟಿ ಬಿಚ್ಚಲಿಲ್ಲ. ಅತ್ತೆಯೇ ಬಾಯಿ ಬಿಟ್ಟರು: "ಆತು ಬಿಡ್ರಿ ಮೇಷ್ಟ್ರಮ್ಮ. ಈ ಸಲ ಕರೀದೇ ಬರ್ತೈತೆ ಅಂತ ನೀವು ಹೇಳ್ರಿ. ಓದಿದೋರು ಹೇಳಿದ್ರೆ ನಾಳೇನೇ ಭರಮಸಾಗರದೋರಿಗೆ ಬ್ಯಾಡ ಅಂತ ಹೇಳಿ ಕಳಸ್ತೀನಿ."

ಒಂದು ಹೂಂ ಸಾಕಿತ್ತು. ಅಕ್ಕ ಮೇಡಂ ಬಾಯನ್ನೇ ನೋಡುತ್ತಿದ್ದಳು. ನಾನು ಮನಸ್ಸಿನಲ್ಲೇ ಕೈಮುಗಿದೆ.

"ಹೇಳಕ್ಕಾಗಲ್ಲವ್ವಾ. ಬಿಳೀದೂ ಬರಬೋದು, ಕರೀದೂ ಬರಬೋದು. ಹೊಸಬಳನ್ನ ತಂದ್ರೂ ಅಷ್ಟೇ. ಮುಷ್ಟಿ ಇದೇ ಅಲ್ವಾ?"

"ಅಂಗಾದ್ರೆ ಹೆರಿಗೆ ಆಗ್ಲಿ, ನೋಡಾಣ," ಎಂದು ಅತ್ತೆ ಒಳಗೆ ಹೋದರು.

ಬಸ್ಸಿನವರೆಗೆ ಕಳಿಸಲು ಹೋದ ನನಗೆ ಮೈಯೆಲ್ಲಾ ಉರಿಯುತ್ತಿತ್ತು. "ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಮೇಡಂ?" ಎಂದೆ.

"ನಾಳೆ ಹೆಣ್ಣು ಹುಟ್ಟಿದ್ರೆ ಆ ಸುಳ್ಳೂ ನಿಮ್ಮಕ್ಕನ ತಲೆ ಮ್ಯಾಲೇ ಬೀಳ್ತಿತ್ತು ಕಣೇ," ಎಂದರು.

ತಿಂಗಳು ತುಂಬಿ ಹೆರಿಗೆಯಾಯಿತು. ಹುಟ್ಟಿದ್ದು ಹೆಣ್ಣೇ. ಅತ್ತೆ ಹೊಸ ಸೀರೆ ಉಟ್ಟು ಭರಮಸಾಗರಕ್ಕೆ ಹೊರಟರು. ಭಾವ ಬಾಗಿಲಿಗೆ ಅಡ್ಡ ನಿಂತರು: "ಮರಿ ಸರಿ ಬರ್ಲಿಲ್ಲ ಅಂದ್ರೆ ನಾವು ಟಗರು ಬದಲಾಯಿಸ್ತೀವಿ, ಕುರಿನಲ್ಲವ್ವ. ಬದಲಾಯಿಸೋದಾದ್ರೆ ನನ್ನ ಬದಲಾಯಿಸು." ಅತ್ತೆ ಬಹಳ ದಿನ ಮಗನ ಜೊತೆ ಮಾತು ಬಿಟ್ಟರು. ಭರಮಸಾಗರಕ್ಕೆ ಮಾತ್ರ ಯಾರೂ ಹೋಗಲಿಲ್ಲ.

ಅಷ್ಟರಲ್ಲಿ ಮೇಡಂಗೆ ಹುಬ್ಬಳ್ಳಿ ಕಡೆಗೆ ವರ್ಗವಾಗಿತ್ತು. ಅವರನ್ನು ನಾನು ಕೊನೆಯ ಸಲ ನೋಡಿದ್ದು ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ. ಕಂಡ ಕೂಡಲೇ, "ಏನು ಹುಟ್ತು?" ಎಂದರು.

"ಹೆಣ್ಣು ಮೇಡಂ."

ಅವರು ಟ್ರಂಕಿನ ಮೇಲೆ ಕೂತುಬಿಟ್ಟರು. ಭಾವ ಎರಡನೇ ಮದುವೆ ಒಲ್ಲೆ ಎಂದದ್ದನ್ನು ಹೇಳಿದೆ. ನನ್ನ ಕೈ ಹಿಡಿದು ಮತ್ತೊಮ್ಮೆ ಹೇಳಿಸಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಮ್ಮವ್ವಂಗೆ ನಾನು ನಾಲ್ಕನೇ ಹೆಣ್ಣು. ನನ್ನ ತೊಟ್ಟಿಲಿಗೆ ಹಾಕೋ ಮೊದ್ಲೇ ಅಪ್ಪ ಇನ್ನೊಬ್ಬಳನ್ನ ಕರ್ಕಂಡು ಬಂದ್ರು. ತಪ್ಪು ತನ್ನದೇ ಅಂತ ಅವ್ವ ಸಾಯೋತನಕ ನಂಬಿದ್ಲು. ನಾನು ಇದನ್ನ ಓದಿ ತಿಳ್ಕಳೋ ಹೊತ್ತಿಗೆ, ಹೇಳಾಣ ಅಂದ್ರೆ ಅವಳು ಇರ್ಲಿಲ್ಲ ಕಣೇ."