ಕೆಂಚ ರೊಟ್ಟಿ ಬಿಟ್ಟದ್ದು

ಶಿರಗುಪ್ಪಿಯ ಈರವ್ವ ಗಂಡ ತೀರಿದ ಮೇಲೆ ನವನಗರಕ್ಕೆ ಬಂದು, ಒಂದು ಖೋಲಿ ಹಿಡಿದು, ಖಾನಾವಳಿಗಳಿಗೆ ಖಡಕ್ ರೊಟ್ಟಿ ಬಡಿದು ಕೊಟ್ಟು ಬದುಕಿದಾಕೆ. ಮಕ್ಕಳಿರಲಿಲ್ಲ. ಮಾತಿಗೆಂದು ಇದ್ದವನು ಕೆಂಚ ಒಬ್ಬನೇ, ಅವನೂ ನಾಯಿ. ಮುರಿದ ರೊಟ್ಟಿ ಯಾರೂ ಕೊಳ್ಳುವುದಿಲ್ಲ. ಅದೆಲ್ಲ ಕೆಂಚನ ಪಾಲು. ಅವನು ಕಟಕಟ ಕಡಿಯುವ ಸಪ್ಪಳ ಕೇಳದಿದ್ದರೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ.

೧೯೯೮ರ ಚಳಿಯಲ್ಲಿ ಕೆಂಚ ರೊಟ್ಟಿ ಮೂಸಿ ನೋಡಿ ಎದ್ದು ಹೋದ. ಹೋದದ್ದು ಎದುರುಮನೆ ನಜ್ಮಾಳ ಅಂಗಳಕ್ಕೆ. ಅಲ್ಲಿ ಸಾರಿನಲ್ಲಿ ನೆನೆಸಿದ ಪಾವ್ ಬ್ರೆಡ್ಡು ಸಿಗುತ್ತಿತ್ತು. ಈರವ್ವನಿಗೆ ಮೈಯೆಲ್ಲ ಉರಿಯಿತು. ಬಾಯಿರುಚಿ ಹತ್ತಿತು, ನಿಯತ್ತು ಹೋಯಿತು ಎಂದುಕೊಂಡಳು. ನಜ್ಮಾಳ ಜೊತೆ ಮಾತು ಬಿಟ್ಟಳು. ಕೆಂಚ ಬಂದರೆ ಅದೇ ರೊಟ್ಟಿ ಮುಂದಿಟ್ಟು, ಹಸಿದರೆ ತಿಂದಾನು ಎಂದು ಕಾದಳು. ರೊಟ್ಟಿ ಬಡಿಯುವವರಿಗೆ ತಮ್ಮ ರೊಟ್ಟಿ ಬೇಡ ಎಂದವರು ವೈರಿಗಳೇ. ಅದರಲ್ಲಿ ಮನುಷ್ಯ, ನಾಯಿ ಎಂಬ ಭೇದವಿಲ್ಲ.

ಯುಗಾದಿ ಹೊತ್ತಿಗೆ ಕೆಂಚನ ಕಣ್ಣ ಕೆಳಗೆ ಬಾತು ಕೀವು ಸೋರತೊಡಗಿತು. ಯಾರೋ ಕಲ್ಲು ಹೊಡೆದರೆಂದು ಓಣಿಗೆಲ್ಲ ಬೈದು, ಆಟೋದಲ್ಲಿ ಧಾರವಾಡದ ದನದ ದವಾಖಾನೆಗೆ ಒಯ್ದಳು. ಡಾಕ್ಟರು ತುಟಿ ಎತ್ತಿ ತೋರಿಸಿದರು. ಹಲ್ಲಿನ ಮೇಲೆ ಹಳದಿ ಗಾರೆ ಕಟ್ಟಿತ್ತು, ಒಸಡು ಕೊಳೆತಿತ್ತು. ದವಡೆ ಹಲ್ಲಿನ ಬೇರಿನ ಕೀವೇ ಕಣ್ಣ ಕೆಳಗೆ ಒಡೆದಿತ್ತು.

“ಹಲ್ಲು ನೋವಾದ್ರ ನಾಯಿ ಅಳಂಗಿಲ್ಲರಿ ಅವ್ವಾರ. ಗಟ್ಟಿದ್ದು ತಿನ್ನೂದು ಬಿಡತೈತಿ, ಅಷ್ಟ. ರೊಟ್ಟಿ ಬಿಟ್ಟು ಎಷ್ಟ ದಿನಾ ಆತ್ರಿ?”

ಈರವ್ವ ಬೆರಳು ಮಡಿಚಿ ತಿಂಗಳು ಎಣಿಸಿದಳು. ಹುಣ್ಣಾದ ಬಾಯಿಗೆ ಕಲ್ಲಿನಂಥ ರೊಟ್ಟಿ ಒಡ್ಡಿ ಹಟ ಹಿಡಿದು ಕೂತದ್ದು ನೆನಪಾಯಿತು.

ಮಂಪರಿನ ಮದ್ದು ಕೊಟ್ಟು ಕೆಟ್ಟ ಹಲ್ಲು ಕಿತ್ತರು, ಉಳಿದವನ್ನು ಕೆರೆದು ಶುಚಿ ಮಾಡಿದರು. ದಿನಾ ಉಜ್ಜಬೇಕು, ಮನುಷ್ಯರ ಪೇಸ್ಟು ಬೇಡ, ಒದ್ದೆ ಬಟ್ಟೆಯಾದರೂ ಸಾಕು ಎಂದರು.

ಮನೆಗೆ ಬಂದು ರೊಟ್ಟಿಯನ್ನು ಬೇಳೆಯಲ್ಲಿ ಮೆತ್ತಗೆ ನೆನೆಸಿಟ್ಟಳು. ಕೆಂಚ ಎಲ್ಲ ತಿಂದ. ತಿಂದು, ಅವಳ ಕೈ ನೆಕ್ಕಿ, ನಜ್ಮಾಳ ಅಂಗಳಕ್ಕೇ ಹೋಗಿ ಮಲಗಿದ. ನಜ್ಮಾ ತಾನೇ ಕರೆತಂದು ಬಿಟ್ಟರೂ ತಿರುಗಿ ಹೋದ. ಅವನ ಬಾಯಿಂದ ತುಣುಕು ಉದುರುವುದು ಕಂಡು ಪಾವು ನೆನೆಸಿ ಹಾಕಿದೆ, ಅಷ್ಟೇ ಎಂದಳು ನಜ್ಮಾ, ತಪ್ಪು ಮಾಡಿದವಳ ಹಾಗೆ.

“ಇರಲಿ ಬಿಡವಾ. ಅವನ ನೋವು ನಿನಗ ತಿಳೀತು, ನನಗ ತಿಳೀಲಿಲ್ಲ. ಬಾಯಿ ಒರಸಾಕ ಅಷ್ಟ ಬರ್ತೇನಿ.”

ಕೆಂಚ ಸಾಯುವ ತನಕ ಸಂಜೆಗೊಮ್ಮೆ ಹೋಗುತ್ತಿದ್ದಳು. ಬೆರಳಿಗೆ ಬಟ್ಟೆ ಸುತ್ತಿ ಒರೆಸುವಷ್ಟು ಹೊತ್ತು ಅವನು ಅವಳ ತೊಡೆಯ ಮೇಲೆ ತಲೆಯಿಟ್ಟಿರುತ್ತಿದ್ದ. ಇರುವ ನಾಲ್ಕು ಹಲ್ಲಿಗೆ ಇಷ್ಟು ಹೊತ್ತೇ ಎಂದು ನಜ್ಮಾ ನಗುವಳು. ಈರವ್ವ ಒರೆಸಿದ ಹಲ್ಲನ್ನೇ ಮತ್ತೆ ಒರೆಸುತ್ತಿದ್ದಳು.